ಗೋದಲಿಗೆ ಬೆಟ್ಟದ ಪಾಚಿ

"ಮಾತು ಕೊಟ್ಟಿದ್ದು ದೇವರಿಗೆ, ಬೇಡ ಅನ್ನೋದು ಸರ್ಕಾರ. ಈಗ ನಾನು ಯಾರ ಮಾತು ಕೇಳಲಿ?"

ಒಲೆಯ ಮುಂದೆ ಕೂತಿದ್ದ ಕುಸ್ತೋದಿಯಾ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಮಳೆಗಾಲದಲ್ಲಿ ಮೊಮ್ಮಗಳಿಗೆ ನ್ಯುಮೋನಿಯಾ ಆದಾಗ ಅವಳು ಬಾಲಯೇಸುವಿಗೆ ಹರಕೆ ಹೊತ್ತಿದ್ದಳು: ಮಗು ಉಳಿದರೆ, ಈ ಕ್ರಿಸ್‌ಮಸ್ಸಿಗೆ ಬೆಟ್ಟದ ಪಾಚಿಯ ಮೇಲೆ ನಿನ್ನನ್ನು ನನ್ನ ಕೈಯಾರೆ ಮಲಗಿಸುತ್ತೇನೆ. ಮಗು ಉಳಿಯಿತು. ನಾಳೆ ನೊವೆನಾ, ಕ್ರಿಸ್‌ಮಸ್ಸಿಗೆ ಮೊದಲಿನ ಒಂಬತ್ತು ದಿನದ ಪ್ರಾರ್ಥನೆ, ಶುರು. ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ಗೋದಲಿಯನ್ನು ಪಾಚಿ ಹಾಸದೆ ಕಟ್ಟಿದ್ದನ್ನು ನಮ್ಮೂರಲ್ಲಿ ಯಾರೂ ಕಂಡಿಲ್ಲ. ಆದರೆ ಬೆಟ್ಟವೀಗ ರಕ್ಷಿತ ಉದ್ಯಾನ. ಅಲ್ಲಿ ಪಾಚಿ ಕೀಳುವಂತಿಲ್ಲ.

"ಸರ್ಕಾರಕ್ಕೆ ಪಾಚಿ ಯಾಕಂತೆ? ಅದೂ ಗೋದಲಿ ಕಟ್ಟುತ್ತಾ?" ಎಂದ ಗಂಡ ಎವುದೋರೊ. "ಬುಟ್ಟಿ ತಗೋ. ಗೇಟಲ್ಲಿರೋದು ನಿನ್ನ ತಮ್ಮನ ಮಗಳೇ ತಾನೆ."

ಪಾಚಿಯನ್ನು ಬಾಲಯೇಸುವೇ ಆರಿಸಲಿ ಎಂದು ಅವಳು ಮರದ ಪುಟ್ಟ ಮೂರ್ತಿಯನ್ನೂ ಶಾಲಿನಲ್ಲಿ ಸುತ್ತಿಕೊಂಡಳು.

ಉದ್ಯಾನದ ಗೇಟಿನಲ್ಲಿ ಕಾವಲಿದ್ದ ಯಾನೆತ್ ಇಬ್ಬರನ್ನೂ ತಬ್ಬಿಕೊಂಡಳು. ಆಮೇಲೆ ಬುಟ್ಟಿ ನೋಡಿದಳು.

"ಅತ್ತೆ, ನೀವು ಧಾರಾಳವಾಗಿ ಬನ್ನಿ. ಬುಟ್ಟಿ ಇಲ್ಲೇ ಇರಲಿ. ಮಾವ, ಚಾಕೂನೂ, ಬೆಂಕಿಪೊಟ್ಟಣಾನೂ."

"ಬೆಲ್ಲದ ನೀರು ಕಾಯಿಸೋದು ಬೇಡ್ವಾ?" ಎಂದ ಎವುದೋರೊ.

"ನನ್ನ ಫ್ಲಾಸ್ಕಲ್ಲಿ ಬಿಸಿಬಿಸಿ ಇದೆ."

"ನಿನ್ನ ಕಟ್ಕೊಳೋನ ಜೇಬೂ ಹೀಗೇ ತಡಕ್ತೀಯಾ?"

"ಇನ್ನೂ ಜಾಸ್ತಿ."

ಯಾನೆತ್ ಜೊತೆ ಸ್ವಲ್ಪ ದೂರ ನಡೆದು ಎವುದೋರೊ ಹುಲ್ಲಿಗಿಳಿದ. ಅವಳು ಅವನನ್ನು ವಾಪಸ್ ದಾರಿಗೆ ಕರೆದಳು.

"ನಮ್ಮಜ್ಜ ಇಲ್ಲೆಲ್ಲಾ ಕುರಿ ಮೇಯಿಸ್ತಿದ್ದ," ಎಂದು ಗೊಣಗಿದ.

"ಆಗ ಅಜ್ಜ ಒಬ್ಬರೇ ಬರ್ತಿದ್ರು, ಮಾವ. ಈಗ ಬಸ್ಸು ತುಂಬಾ ಬರ್ತಾರೆ. ಎಲ್ಲರೂ ಇಳಿದ್ರೆ?"

ದಾರಿಯ ಪಕ್ಕ ಒಂದು ಕಡೆ ನೆಲ ಬೋಳಾಗಿತ್ತು. ಹೋದ ಕ್ರಿಸ್‌ಮಸ್ಸಿಗೆ ಯಾರೋ ಪಾಚಿ ಕಿತ್ತಿದ್ದರು. ಅಲ್ಲಿನ ಕಪ್ಪು ಮಣ್ಣು ಕುಸಿದು ತೊರೆಗೆ ಇಳಿಯುತ್ತಿತ್ತು. ಅದರ ಮಗ್ಗುಲಲ್ಲೇ ಕೀಳದ ಪಾಚಿ ದಪ್ಪವಾಗಿ ಹಬ್ಬಿತ್ತು.

"ಅದರ ಮೇಲೆ ಮೆಲ್ಲಗೆ ಕೈ ಇಡಿ, ಅತ್ತೆ."

ಕುಸ್ತೋದಿಯಾ ಕೈ ಇಟ್ಟಳು. ಬೆರಳುಗಳ ಸಂದಿಯಲ್ಲಿ ತಣ್ಣನೆ ನೀರು ಉಕ್ಕಿತು.

"ಮಳೆ ಇಲ್ಲದಾಗ ನಿಮ್ಮ ನಲ್ಲಿಗೆ ಬರೋದು ಇದೇ ನೀರು. ಜನವರೀಲಿ ನಲ್ಲಿ ಒಣಗ್ತು ಅಂತ ಬೈತಿದ್ರಲ್ಲ, ಆ ಬೋಳು ನೆಲಾನೂ ಅದಕ್ಕೊಂದು ಕಾರಣ."

"ಹಾಗಾದ್ರೆ ಸಂತೇಲಿ ಮಾರ್ತಾರಲ್ಲ, ಆ ಪಾಚಿ?" ಎಂದ ಎವುದೋರೊ.

"ಇಂಥಾ ಕಡೆಯಿಂದ ಕದ್ದು ತಂದದ್ದೇ, ಮಾವ."

ಅವನು ಬೋಳು ನೆಲವನ್ನೇ ನೋಡುತ್ತ ನಿಂತ.

"ಮತ್ತೆ ನನ್ನ ಹರಕೆ?" ಎಂದಳು ಕುಸ್ತೋದಿಯಾ.

"ಅದು ನನಗೆ ಗೊತ್ತಿಲ್ಲ, ಅತ್ತೆ. ನನಗೆ ಗೊತ್ತಿರೋದು ನೀರಿನ ವಿಷಯ ಅಷ್ಟೇ."

ಕುಸ್ತೋದಿಯಾ ದಾರಿಯಲ್ಲೇ ಮಂಡಿಯೂರಿದಳು. ಶಾಲು ಬಿಚ್ಚಿ ಬಾಲಯೇಸುವನ್ನು ಕೀಳದೆ ಬಿಟ್ಟ ಪಾಚಿಯ ಮೇಲೆ ಕೈಯಾರೆ ಮಲಗಿಸಿದಳು. ಜಪ ಮುಗಿಸಿ ಮತ್ತೆ ಎತ್ತಿಕೊಂಡಳು. ಹರಕೆ ತೀರಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ. ಎವುದೋರೊ ಮಾತ್ರ ಮನೆಗೆ ಬಂದವನೇ ಪಾಚಿಯ ಬದಲು ಗೋದಲಿಗೆ ಹಾಸಲು ಕುರಿಯ ಉಣ್ಣೆಗೆ ಹಸಿರು ಬಣ್ಣ ಹಾಕಲು ಕೂತ.

ಬೆಟ್ಟಕ್ಕೆ ಬರುವವರೇ, ಬನ್ನಿ, ಅದು ನಿಮ್ಮದೂ ಹೌದು. ದಾರಿ ಬಿಟ್ಟು ಇಳಿಯಬೇಡಿ, ಬೆಂಕಿ ಹಚ್ಚಬೇಡಿ, ತಂದ ಕಾಗದ ಬಾಟಲಿಗಳನ್ನು ವಾಪಸ್ ಒಯ್ಯಿರಿ. ಬೆಳೆದದ್ದನ್ನು ಬೆಳೆದಲ್ಲೇ ಬಿಡಿ. ಮನಸ್ಸಿಗೆ ಗೊಂದಲವಾದರೆ ಕೀಳುವ ಮೊದಲು ಗೇಟಿನಲ್ಲಿ ಕೇಳಿ. ಬೇಡ ಎಂದರೆ ಬೇಸರ ಪಡಬೇಡಿ; ಕುಸ್ತೋದಿಯಾಳ ಬಾಗಿಲಿಗೂ ಮರುದಿನ ಪಾಚಿ ಕೇಳುವವರು ಬಂದರು.

ಚರ್ಚಿನ ಗೋದಲಿ ಕಟ್ಟುವ ಎರ್ಮೆನ್ಸಿಯಾ ಖಾಲಿ ಚೀಲ ಹಿಡಿದು ನಿಂತಿದ್ದಳು. "ಗೇಟಲ್ಲಿರೋದು ನಿಮ್ಮ ಹುಡುಗಿ. ಒಂದೇ ಚೀಲ ಪಾಚಿ, ಕುಸ್ತೋದಿಯಾ. ನೀವೊಂದು ಮಾತು ಹೇಳಿದ್ರೆ ಬಿಡ್ತಾಳೆ. ದೇವರ ಕೆಲಸ ಅಲ್ವಾ?"

ಕುಸ್ತೋದಿಯಾ ಕೈಯಲ್ಲಿದ್ದ ಹಸಿ ಉಣ್ಣೆಯನ್ನು ಕೆಳಗಿಟ್ಟಳು.

"ಇಲ್ಲ, ಎರ್ಮೆನ್ಸಿಯಾ. ನಾನು ಹೇಳೋದಿಲ್ಲ."