ಸಾವ್ಕಾರರ ಬದಲಿಗೆ ನಂಬಲು ಹೋದವನು

ಸೊರಬದ ಅಡಿಕೆ ವ್ಯಾಪಾರಿ ಮಹೇಶ್ವರಪ್ಪನವರು ಹರಕೆ ಹೊರುವುದರಲ್ಲಿ ಎತ್ತಿದ ಕೈ. ತೀರಿಸುವ ಮೈ ಮಾತ್ರ ಆಳು ಮಾರಪ್ಪನದು. ಸಾವ್ಕಾರರಿಗೆ ಕೆಮ್ಮು ಬಂದರೆ ಮಾರಪ್ಪ ಉಪವಾಸ. ಸೊಂಟ ಹಿಡಿದರೆ ಮಾರಪ್ಪ ಉರುಳುಸೇವೆ. ವೀರಭದ್ರನ ಗುಡಿಯ ಮುಂದೆ ಮಾರಪ್ಪ ಕೆಂಡ ಹಾಯ್ದು ಬಂದರೆ, ಕಟ್ಟೆಯ ಮೇಲೆ ಕೂತ ಸಾವ್ಕಾರರು ತಮ್ಮ ಪಾದ ಸವರಿಕೊಂಡು, "ಏನ್ ಬಿಸಿ ಐತೋ ಮಾರಾಯಾ!" ಎನ್ನುವರು. ಪುಣ್ಯ ಅವರಿಗೆ, ಬೊಬ್ಬೆ ಇವನಿಗೆ. ಇಪ್ಪತ್ತು ವರ್ಷದಲ್ಲಿ ತನಗೆಂದು ಒಂದು ಕಾಯಿ ಒಡೆಸಿದ್ದು ಮಾರಪ್ಪನಿಗೆ ನೆನಪಿರಲಿಲ್ಲ.

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ಸಾವ್ಕಾರರಿಗೆ ಎದೆನೋವು ಕಾಣಿಸಿತು. ಡಾಕ್ಟರು ತಲೆಯಾಡಿಸಿ ಹೋದರು. ಅದೇ ವಾರ ಶಿಕಾರಿಪುರದ ಕ್ರೈಸ್ತ ಉಪದೇಶಿ ದಾವೀದಪ್ಪನವರು ಸೊರಬದ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಯೇಸುವನ್ನು ನಂಬಿದರೆ ಸಾಕು, ಮುಕ್ತಿ ಸಿಕ್ಕಿತು ಎಂದು ಸಾರಿದ್ದು ಸಾವ್ಕಾರರ ಕಿವಿಗೂ ಬಿತ್ತು.

"ಕೆಂಡ ಇಲ್ಲ, ಉಪಾಸ ಇಲ್ಲ, ಬರೀ ನಂಬೋದಾ? ಸಲೀಸಾತಲ್ಲೋ!"

ಆದರೆ ತಾವೇ ನಂಬಿದರೆ ಮಠದವರು ಏನೆಂದಾರು? ಕೊರಳ ಲಿಂಗ ಕೊರಳಲ್ಲೇ ಇರಲಿ, ಆ ಕಡೆಯ ಬಾಗಿಲೂ ತೆರೆದಿರಲಿ ಎಂದುಕೊಂಡು ಸಾವ್ಕಾರರು ಆಳನ್ನು ಕರೆದರು. "ಮಾರಾ, ಶಿಕಾರಿಪುರಕ್ಕೆ ಹೋಗಿ ನನ್ನ ಹೆಸ್ರಲ್ಲಿ ನಂಬ್ಕೊಂಡ್ ಬಾ. ಬಸ್ ಚಾರ್ಜ್ ನಾನು ಕೊಡ್ತೀನಿ."

ಮೂರು ಭಾನುವಾರ ಮಾರಪ್ಪ ಉಪದೇಶಿಗಳ ಜಗಲಿಯ ಮೂಲೆಯಲ್ಲಿ ಕೂತು ಬಂದ. ನಾಲ್ಕನೆಯ ವಾರ ಅವರು ಅವನತ್ತ ತಿರುಗಿ, "ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟದ್ದು ನಿನ್ನ ಬದಲಿಗೆ" ಎಂದರು.

ಮಾರಪ್ಪ ನೆಟ್ಟಗೆ ಕೂತ. ಇದು ಅವನಿಗೆ ಗೊತ್ತಿದ್ದ ಕಸುಬು.

"ಕೂಲಿ ಎಷ್ಟು ಕೊಟ್ರು ರೀ ಅವ್ರಿಗೆ?"

"ಕೂಲಿ ಇಲ್ಲಪ್ಪ. ಒಪ್ಪಿ ಬಂದರು."

"ಕೂಲಿ ಇಲ್ದೆ? ಅದೂ ನನ್ನಂಥೋನ ಬದ್ಲಿಗಾ?"

"ನಿನ್ನ ಬದಲಿಗೇ."

ಮಾರಪ್ಪ ತನ್ನ ಅಂಗಾಲಿನ ಕರಿ ಕಲೆಗಳನ್ನು ನೋಡಿಕೊಂಡ. ಸಾವ್ಕಾರರ ಬೆಂಕಿಯೆಲ್ಲ ತುಳಿದ ಕಾಲು. ಇದಕ್ಕಾಗಿ ಇನ್ನೊಬ್ಬ ಮೊಳೆ ಹೊಡೆಸಿಕೊಂಡಿದ್ದ. ಅವನಿಗೆ ಅಳು ತಡೆಯಲಾಗಲಿಲ್ಲ.

"ಇದನ್ನ ನಮ್ ಸಾವ್ಕಾರ್ರ ಹೆಸ್ರಿಗೆ ಮಾಡಾಕೆ ಬರ್ತದಾ?"

"ಅವರಿಗೆ ಬಾಯಾರಿದರೆ ನೀನು ನೀರು ಕುಡೀತೀಯೇನಪ್ಪ?"

ಸಂಜೆ ಸಾವ್ಕಾರರು ದಿಂಬಿಗೊರಗಿ ಕಾಯುತ್ತಿದ್ದರು. "ನಂಬಿದೇನೋ?"

"ನಂಬಿದೆ, ಸಾವ್ಕಾರ್ರೇ."

"ನನ್ನ ಹೆಸ್ರಿಗೆ ತಾನೆ?"

ಹೌದೆಂದರೆ ಅನ್ನ ಉಳಿಯುತ್ತಿತ್ತು. ಇಪ್ಪತ್ತು ವರ್ಷ ಹೌದೆಂದ ನಾಲಿಗೆ ಈಗ ಅದಕ್ಕೆ ಏಳಲಿಲ್ಲ.

"ಇಲ್ರೀ. ಅದು ನಂದೇ ಆಗೋತು."

"ಕಳ್ಳಾ! ನನ್ನ ಬಸ್ ಚಾರ್ಜಿನಾಗೆ ಹೋಗಿ ನಿನಗೆ ಮುಕ್ತಿ ಮಾಡ್ಕೊಂಡ್ಯಾ? ಹಿಂದಕ್ಕೆ ಕೊಡು!"

"ಕೊಡಾಕೆ ಬರಂಗಿಲ್ರೀ. ನೀವೇ ಬರ್ರಿ, ಜತೀಗೆ ನಾ ಬರ್ತೀನಿ."

"ನಾನು? ಆಳಿನ ಪಕ್ಕ ಕೂತು ನಂಬ್ಲಾ? ನಡಿ ಆಚೆ! ನಾಳೆಯಿಂದ ಈ ಹೊಸ್ತಿಲು ತುಳೀಬ್ಯಾಡ."

ಮಾರಪ್ಪ ಕೈ ಮುಗಿದು ಹೊರಬಿದ್ದ. ನಾಳೆಯ ಗಂಜಿಗೆ ದಾರಿಯಿರಲಿಲ್ಲ. ಆದರೂ ಹೆಜ್ಜೆ ಹಗುರವಾಗಿತ್ತು. ಬೀದಿಗಿಳಿಯುವಾಗ ಒಳಗಿನಿಂದ ಸಾವ್ಕಾರರ ದನಿ ಕೇಳಿಸಿತು. ಇನ್ನೊಬ್ಬ ಆಳು ಕಲ್ಲಪ್ಪನಿಗೆ ಅವರು ಬುದ್ಧಿ ಹೇಳುತ್ತಿದ್ದರು:

"ಭಾನುವಾರ ನೀ ಹೋಗು. ನಂಬು. ಆದ್ರೆ ಆ ಮಾರನಂಗೆ ಪೂರಾ ನಂಬಬ್ಯಾಡ, ಗೊತ್ತಾತಾ?"