ಕೆನೆ ಬಿಳುಪು, ಬೂದಿ ಬಿಳುಪು

ಬಣ್ಣ ಇನ್ನೂ ಒಣಗಿಲ್ಲವೋ, ಅಫಜಲಪುರದ ಮಧ್ಯಾಹ್ನದ ಬೆಳಕೇ ಹೀಗೋ — ಪಡಸಾಲೆಯ ಗೋಡೆಯ ಮೇಲೆ ಪೇಂಟರ್ ಗೌಸಮೊಹಿದ್ದೀನ ಹಚ್ಚಿಟ್ಟ ಎರಡು ಪಟ್ಟೆ, ಎಡಕ್ಕೆ ಕೆನೆ ಬಿಳುಪು, ಬಲಕ್ಕೆ ಬೂದಿ ಬಿಳುಪು, ಒಂದನ್ನು ಆರಿಸಲು ಇಷ್ಟೊತ್ತೇ ಎಂದು ವಿಜಯಶ್ರೀಗೆ ತನ್ನ ಮೇಲೇ ಸಿಟ್ಟು, ಕೆನೆಯದು ಸಂಜೆಗೆ ಹಳದಿಯಾಗಿ ಕಾಣುತ್ತದೆ, ಬೂದಿಯದು ಥೇಟ್ ವಿಭೂತಿ, ಅತ್ತೆಯ ಹಣೆ — ಬೇಡ, ಅದು ಬೇಡ. ಯಾವುದು ಹಚ್ಚಲ್ರಿ ಅಕ್ಕಾರ, ಎನ್ನುತ್ತಾನೆ ಗೌಸಮೊಹಿದ್ದೀನ ಡಬ್ಬಿ ಕಲಕುತ್ತ, ಎರಡೂ ಛಲೋನ ಅವ, ಖರೆ ಈ ಎಣ್ಣಿ ಕಲಿ ನೋಡ್ರಿ, ಎರಡ್ ಸಲ ಕೆರದು ಪುಟ್ಟಿ ಹಾಕೇನಿ, ಮತ್ತ ಮ್ಯಾಲ ಬಂದದ. ಬಂದಿದೆ, ಎರಡು ಬಣ್ಣ ಕೂಡುವಲ್ಲೇ, ಕೂತವರ ತಲೆಯೆತ್ತರಕ್ಕೆ, ಅಂಗೈಯಗಲದ ದುಂಡು ಒದ್ದೆ, ಔಡಲೆಣ್ಣೆಯ ವಾಸನೆ. ಇಲ್ಲಿ ಯಾರರ ತಲಿ ಹಚ್ಚಿ ಕುಂಡ್ರತಿದ್ರೇನ್ರಿ? ಇಲ್ಲ, ಎಂದಳು, ಯಾರೂ ಇಲ್ಲ, ಅದು ಸುಳ್ಳೂ ಅಲ್ಲ, ಹಿಂದಿನ ಸಲ ಬಣ್ಣ ಹಚ್ಚಿಸಿದ ದಿನ ತಾನೇ ಅಂದದ್ದು, ಅತ್ತೀ ಗ್ವಾಡಿಗಿ ತಲಿ ಹಚ್ಚಬ್ಯಾಡ್ರಿ ಎಣ್ಣಿ ಹತ್ತತದ, ಆಯ್ತ್ ಬೇ ಹಚ್ಚಂಗಿಲ್ಲ ಎಂದ ಅತ್ತೆ ಸುಂದರಬಾಯಿ ಮೂರು ವರ್ಷ ಹಚ್ಚಲೇ ಇಲ್ಲ, ಅಲ್ಲೇ ಕೂರುತ್ತಿದ್ದರು, ಬೆನ್ನು ನೆಟ್ಟಗೆ, ತಲೆಗೂ ಗೋಡೆಗೂ ನಡುವೆ ಒಂದು ಬೆರಳಿನ ಜಾಗ, ಜ್ವರ ಬಂದಾಗಲೂ ಒಂದು ಬೆರಳು, ತೂಕಡಿಸುವಾಗಲೂ ಒಂದು ಬೆರಳು, ಇರಲಿ ಹಚ್ಚಿ ಕುಂಡ್ರಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ಬಂದು ಹೋಯಿತು, ಯಾಕೆ ಅನ್ನಲಿಲ್ಲ, ಈ ಗೋಡೆ ಕಾಯ್ದು ಏನು ಕಡಿದು ಕಟ್ಟೆ ಹಾಕಿದಳು — ಹೋದ ಶ್ರಾವಣದಲ್ಲಿ ತೀರಿಕೊಂಡಾಗ ಲಿಂಗಾಯತ ಪದ್ಧತಿಯಂತೆ ದೇಹವನ್ನು ಇದೇ ಗೋಡೆಗೆ ಕೂರಿಸಿದರು, ತಲೆಗೆ ನೀರೆರೆದು, ಹಣೆಗೆ ವಿಭೂತಿ ಬಳಿದು, ಕರಜಗಿಯಿಂದ ಬಂದ ಹೆಂಗಸರು ಆ ತಲೆಯನ್ನು ಹಿಂದಕ್ಕೆ ಆನಿಸಿದರು, ಅದು ಮುಂದಕ್ಕೆ ಬಂತು, ಮತ್ತೆ ಆನಿಸಿದರು, ಮತ್ತೆ ಬಂತು, ಒಂದೇ ಒಂದು ಬೆರಳು, ಹಾಗೇ ಎತ್ತಿಕೊಂಡು ಹೋದರು, ಮುಟ್ಟದ ಗೋಡೆಗೆ ಈ ಕಲೆ ಎಲ್ಲಿಂದ ಬಂತು.

ಗೌಸಮೊಹಿದ್ದೀನ ಚಹಾಕ್ಕೆ ಹೋದ, ಮನೆಯಲ್ಲಿ ಈಗ ಅವಳೊಬ್ಬಳೇ, ಕಲೆಯ ಕೆಳಗೆ ಬರಿನೆಲದ ಮೇಲೆ ಕೂತಳು, ಒಮ್ಮೆ ತಾನೇ ತಲೆ ಹಚ್ಚಿಬಿಟ್ಟರೆ ಅತ್ತೆಗೆ ಅಂದ ಮಾತು ವಾಪಸು ಪಡೆದಂತೆ, ಎಣ್ಣೆ ಹತ್ತಿದರೆ ಹತ್ತಲಿ, ಕೆನೆಯಾಗಲಿ ಬೂದಿಯಾಗಲಿ, ತಪ್ಪಾಯ್ತ್ರಿ ಅತ್ತೀ, ಕತ್ತು ಹಿಂದಕ್ಕೆ ವಾಲಿಸಲು ಹೋದಳು, ವಾಲಲಿಲ್ಲ, ಇನ್ನೊಮ್ಮೆ, ವಾಲುವುದಿಲ್ಲ, ಹಿಂದಲೆಗೆ ತಣ್ಣಗೆ ಏನೋ ತಾಗಿ ತಡೆಯಿತು, ಅತ್ತೆಯದೇ ದನಿ, ಎಷ್ಟು ಮೆತ್ತಗೆ, ಮೊದಲಿನಷ್ಟೇ ಅಕ್ಕರೆಯಿಂದ, ಹಚ್ಚಬ್ಯಾಡ ಬೇ, ಎಣ್ಣಿ ಹತ್ತತದ — ಒಂದು ಬೆರಳಿನ ಜಾಗ, ಒಂದು ಬೆರಳು, ಒಂದು ಬೆರಳು.