ಗೊಂಬೆಯ ಕತ್ತಿನ ಗುರುತು

ಹಳೇ ಸಾಮಾನಿನ ಸಂತೆಯಲ್ಲಿ ಎಲ್ಲರಿಗೂ ಅವಳು ಗೊಂಬೆಯಕ್ಕ. ಗುಜರಿ ರಾಶಿಯಿಂದ ಪಿಂಗಾಣಿ ತಲೆಯ ಗೊಂಬೆಯೊಂದನ್ನು ಎತ್ತಿ, ಕೂದಲು ಸರಿಸಿ, ಕತ್ತಿನ ಹಿಂಭಾಗ ನೋಡಿ, ಇದು ಇಂಥ ಕಾಲದ್ದು, ಇಷ್ಟು ಬಾಳುತ್ತದೆ ಎಂದಳೆಂದರೆ ಮುಗಿಯಿತು, ಎದುರಾಡುವ ಗಂಡು ಹುಟ್ಟಿರಲಿಲ್ಲ. ಕಣ್ಣು ಮಂಜಾದ ಮೇಲೂ ಅವಳು ಜಗ್ಗಲಿಲ್ಲ. ಬೆರಳಲ್ಲೇ ತಡವಿ ನೋಡತೊಡಗಿದಳು. ಬೆರಳಿಗೆ ಸಿಕ್ಕ ಅಕ್ಷರ ಓದಿ ಹೇಳಲು ತಂಗಿ ಜೊತೆಗಿದ್ದಳು. ಒಡಹುಟ್ಟಿದವಳೇ ಇರುವಾಗ ಇನ್ನೇನು ಚಿಂತೆ?

ಹೋದ ವರ್ಷ ಕಿರುಬೆರಳು ಮುರಿದ ಗೊಂಬೆಯೊಂದು ಸಿಕ್ಕಿತು. ಕತ್ತು ಸವರುತ್ತಿದ್ದವಳ ಬೆರಳು ಅಲ್ಲೇ ನಿಂತಿತು. ಸುಡುವ ಮುನ್ನ ಹಸಿ ಮಣ್ಣಿಗೇ ಒತ್ತಿದ ಗುರುತಿನ ಅಂಚು ನುಣುಪಾಗಿರುತ್ತದೆ. ಆಮೇಲೆ ಬಿಟ್ಟ ಬಿರುಕಾದರೆ ಉಗುರಿಗೆ ತಗಲುತ್ತದೆ. ಇದು ನುಣುಪಾಗಿತ್ತು.

"ಕಾರ್ಖಾನೆ ಗುರುತು ಕಣೇ, ಓದು!"

"ಗುರುತೂ ಇಲ್ಲ, ಮಣ್ಣೂ ಇಲ್ಲ. ಬಿರುಕು ಅಕ್ಕ, ಕಿವಿವರೆಗೂ ಹೋಗಿದೆ," ಎಂದಳು ತಂಗಿ.

ಕಣ್ಣಿನ ಹಿಂದೆಯೇ ಬೆರಳೂ ಕೈಕೊಟ್ಟಿತು ಎಂದುಕೊಂಡಳು ಗೊಂಬೆಯಕ್ಕ. ಜನರಿಗೆ ತಪ್ಪು ಬೆಲೆ ಹೇಳುವ ಪಾಪ ಬೇಡವೆಂದು ಸಂತೆಯ ತನ್ನ ಅಂಗಡಿಯನ್ನೂ ಬೆಲೆ ಕಟ್ಟುವ ಕುರ್ಚಿಯನ್ನೂ ತಂಗಿಗೆ ಬಿಟ್ಟುಕೊಟ್ಟು ಮನೆ ಸೇರಿದಳು. ಆ ಕುರ್ಚಿಯೇ ಅವಳ ಜೀವವಾಗಿತ್ತು.

ಮೊನ್ನೆ ಸಂಜೆ ಟೀಚರಮ್ಮ ಒಬ್ಬರು ಬಾಗಿಲು ತಟ್ಟಿದರು. ತಂಗಿಯ ಅಂಗಡಿಯಲ್ಲಿ ಗೊಂಬೆ ಕೊಂಡಿದ್ದರಂತೆ. "ಜಾಸ್ತಿ ಕೊಟ್ಟೆ ಅಂತ ಮನೇಲಿ ಒಂದೇ ಕಿರಿಕಿರಿ. ನೀವೊಂದು ಮಾತು ಹೇಳ್ಬಿಡಿ."

"ನನ್ನ ಬೆರಳಿಗೆ ಈಗೇನೂ ತಿಳಿಯಲ್ಲ ತಾಯಿ," ಎನ್ನುತ್ತಲೇ ಗೊಂಬೆಯಕ್ಕ ಅದನ್ನು ತೊಡೆಯ ಮೇಲೆ ಎಳೆದುಕೊಂಡಳು. ಚಟ ಎಲ್ಲಿ ಬಿಡುತ್ತದೆ? ಅದರ ಕಿರುಬೆರಳು ಮುರಿದಿತ್ತು. ಗಡಬಡಿಸಿ ಕತ್ತಿಗೆ ಕೈ ಹಾಕಿದಳು.

"ಇಲ್ಲಿ ಬಿರುಕಿದೆಯಾ, ನೋಡಿ."

"ಬಿರುಕಾ? ಕೂದಲೆಳೆಯಷ್ಟೂ ಇಲ್ಲ. ನಕ್ಷತ್ರ ಇದೆ, ಕೆಳಗೆ ನಂಬರ್ ಇದೆ. ಇದನ್ನ ತೋರಿಸಿಯೇ ನಿಮ್ಮ ತಂಗಿ ಬೆಲೆ ಹೇಳಿದ್ದು."

ಗೊಂಬೆಯಕ್ಕ ಆ ನಕ್ಷತ್ರವನ್ನು ಮತ್ತೆ ಮತ್ತೆ ಸವರಿದಳು. ನೊಂದದ್ದು ಗೊಂಬೆ ಕೈತಪ್ಪಿತೆಂದಲ್ಲ. ವರ್ಷವಿಡೀ ನೀರಿನ ಲೋಟ ಹಿಡಿಯುವಾಗಲೂ ತನ್ನ ಕೈಯನ್ನೇ ಅನುಮಾನಿಸಿದ್ದಳು. ಕೈ ನೆಟ್ಟಗೇ ಇತ್ತು.

"ಅಸಲಿ ಮಾಲು. ಕೊಟ್ಟ ಬೆಲೆಗೆ ಮೋಸವಿಲ್ಲ," ಎಂದಳು ಟೀಚರಮ್ಮನಿಗೆ.

ಅಷ್ಟರಲ್ಲಿ ತಂಗಿ ಬಂದಳು. ದಿನಾ ಸಂಜೆ ಅಕ್ಕನ ಕಣ್ಣಿಗೆ ಔಷಧಿ ಹಾಕುವವಳು ಅವಳೇ. ಗೊಂಬೆ ಕಂಡದ್ದೇ ಬಾಗಿಲಲ್ಲೇ ನಿಂತಳು.

"ಬಿರುಕು ಅಂದಿದ್ಯಲ್ಲೇ," ಎಂದಳು ಗೊಂಬೆಯಕ್ಕ.

ತಂಗಿ ಹೊಸ್ತಿಲು ದಾಟಿ ಒಳಗೆ ಬಂದಳು. "ಇನ್ನೇನು ಮಾಡ್ಲಿ? ನಿನ್ನ ಪಕ್ಕ ನಿಂತೂ ನಿಂತೂ ನನ್ನ ಕೂದಲೂ ನೆರೀತು. ನೀನಾಗಿ ಯಾವತ್ತು ಏಳ್ತಿದ್ದೆ ಆ ಕುರ್ಚಿಯಿಂದ?"

"ಕೇಳಬಹುದಿತ್ತು."

"ಕೇಳಿದ್ರೆ ಕೊಡ್ತಿದ್ಯಾ?"

ಗೊಂಬೆಯಕ್ಕ ಗೊಂಬೆಯನ್ನು ಟೀಚರಮ್ಮನ ಕೈಗಿಟ್ಟಳು. ತಂಗಿ ಏನೂ ಆಗದವಳಂತೆ ಹತ್ತಿರ ಬಂದು, ಔಷಧಿಯ ಸೀಸೆಯ ಮುಚ್ಚಳ ತೆಗೆದು, "ತಲೆ ಹಿಂದಕ್ಕೆ ಮಾಡು ಅಕ್ಕ," ಎಂದಳು.

ಗೊಂಬೆಯಕ್ಕ ತಡವಿ ಅವಳ ಕೈಯಿಂದ ಸೀಸೆ ಕಿತ್ತುಕೊಂಡು ಟೀಚರಮ್ಮನತ್ತ ಚಾಚಿದಳು.

"ಇದರ ಮೇಲೆ ಏನು ಬರೆದಿದೆ, ನೀವು ಓದಿ ಹೇಳಿ ತಾಯಿ."